ಪರದೆಯ ಹಿಂದಿನ ಅಣ್ಣ

ಕರೆಂಟು ಹೋಗಬಹುದಿತ್ತು. ನಾಟಕದ ಅಟ್ಟಣೆ ಕುಸಿಯಬಹುದಿತ್ತು. ನನ್ನ ಅಂಟುಮೀಸೆ ಎದುರಿನವನ ಹೆಗಲಿಗೆ ಮೆತ್ತಿಕೊಂಡು ಹೋಗಬಹುದಿತ್ತು… ಮೊನ್ನೆ ಹಂಡೆ ಒಲೆಗೆ ತೆಂಗಿನ ಚಿಪ್ಪು ತುರುಕಿದಾಗ ಎದ್ದ ವಾಸನೆಗೆ, ಅಂದಿನ ಭಯಗಳೆಲ್ಲ ಮರಳಿ ಬಂದವು.

ತೊಂಬತ್ತರ ಆಸುಪಾಸು. ದೊಡ್ಡಬಳ್ಳಾಪುರದ ಕಡೆಯ ನಮ್ಮೂರಿನಲ್ಲಿ ಮೇಷ್ಟ್ರೊಬ್ಬರು ಅಸ್ಪೃಶ್ಯತೆಯ ಮೇಲೆ ನಾಟಕ ಬರೆದಿದ್ದರು. ಊರ ಬಾವಿಯಲ್ಲಿ ನೀರು ಸೇದಿ ಹೊಡೆತ ತಿನ್ನುವ ಮುದುಕನ ಪಾತ್ರ ನನಗೆ. ಊರಾಚೆಯ ದಲಿತ ಕಾಲೊನಿಯವರು ಅಟ್ಟಣೆ ಹತ್ತುವಂತಿರಲಿಲ್ಲವಲ್ಲ, ಹಾಗಾಗಿ ಚಿಪ್ಪು ಸುಟ್ಟ ಮಸಿಯನ್ನು ಎಣ್ಣೆಯಲ್ಲಿ ಕಲಸಿ ನನ್ನ ಮುಖಕ್ಕೆ ಬಳಿದರು.

ಪರದೆಯ ಮರೆಯಿಂದ ಮಾತು ಹೇಳಿಕೊಡಲು ಮಾತ್ರ ಕಾಲೊನಿಯವರೇ ಒಬ್ಬರು ಬೇಕಾಯಿತು; ನಾನು ಅವರನ್ನು ಅಣ್ಣ ಎನ್ನುತ್ತಿದ್ದೆ. ತಡವರಿಸದೆ ಓದುತ್ತಿದ್ದವರು ಅವರೊಬ್ಬರೇ. ಕಾಣದಿದ್ದರೆ ಮೈಲಿಗೆಯಿಲ್ಲ ಎಂದು ಊರವರು ಅಂದುಕೊಂಡಿರಬೇಕು…

ನಾಟಕದ ಮುದುಕ ಅಣ್ಣನ ಅಪ್ಪನೇ. ತಿಂದ ಹೊಡೆತ ನಿಜ. ಬಿಡಿಸಲು ಓಡಿಬರುವ ಗೌಡರ ಮಗ ಮಾತ್ರ ಮೇಷ್ಟ್ರ ಕಲ್ಪನೆ.

“ಮೇಷ್ಟ್ರೇ, ನಮ್ಮಪ್ಪ ಅವತ್ತು ಕಾಲಿಗೆ ಬೀಳ್ಲಿಲ್ಲ. ನಾಟ್ಕ ನೋಡೋಕೆ ಅವ್ನೂ ಬರ್ತಾನೆ. ಅದೊಂದು ತೆಗೆದ್ಬಿಡಿ,” ಎಂದಿದ್ದರು ಅಣ್ಣ, ಪ್ರಾಕ್ಟೀಸಿನಲ್ಲಿ.

“ಬೀಳ್ದಿದ್ರೆ ಜನ ಅಳೋದ್ ಹೆಂಗಪ್ಪಾ? ಗೌಡ್ರ ಮಗ ಎತ್ತೋದಾದ್ರೂ ಯಾರನ್ನ?”

ನಾಟಕದ ದಿನ ಆ ಮುದುಕ ಕೊನೆಯ ಸಾಲಿನಾಚೆ, ಬೇಲಿಯ ಪಕ್ಕ ಕೂತಿದ್ದ. ಹೆದರಿಕೆಗೆ ನನಗೆ ಒಂದಕ್ಷರವೂ ನೆನಪಿರಲಿಲ್ಲ; ಪರದೆಗೆ ಕಿವಿಕೊಟ್ಟು ಗಿಣಿಯಂತೆ ಒಪ್ಪಿಸುತ್ತಿದ್ದೆ. ದೊಣ್ಣೆ ಮೇಲೆದ್ದಿತು. ‘ತಪ್ಪಾಯ್ತು ಒಡೆಯಾ’ ಎಂದು ನಾನು ಬೀಳಬೇಕು. ಪರದೆಯ ಹಿಂದಿನಿಂದ ಬಂದದ್ದು ಬೇರೆ. ಬಂದದ್ದನ್ನೇ ಗಂಟಲು ಹರಿಯುವಂತೆ ಕೂಗಿದೆ:

“ಬೀಳಲ್ಲ ಕಣಯ್ಯ. ಹೊಡಿ, ಎಷ್ಟ್ ಹೊಡೀತೀಯೋ!”

ನಿಂತೇ ಇದ್ದೆ. ಎತ್ತಲು ಬಗ್ಗಿದ್ದ ಗೌಡರ ಮಗ ಖಾಲಿ ನೆಲ ತಡಕಿದ. ಯಾರೋ ಕಿಸಕ್ಕೆಂದರು. ಬೇಲಿಯ ಬಳಿ ಮುದುಕ ಎದ್ದು ನಿಂತಿದ್ದ… ಮೇಷ್ಟ್ರು ಪರದೆ ಎಳೆಸಿದರು.

ಅಣ್ಣನನ್ನು ಮತ್ತೆ ಕರೆಯಲಿಲ್ಲ. ದೊಡ್ಡಬೆಳವಂಗಲದಲ್ಲಿ ಅದೇ ನಾಟಕ ಆಡಿದಾಗ ಬೇರೊಬ್ಬರು ಮಾತು ಹೇಳಿಕೊಟ್ಟರು. ಎಲ್ಲ ಬರೆದಂತೆಯೇ ನಡೆಯಿತು. ಜನ ಚೆನ್ನಾಗಿ ಅತ್ತರು.

ಅಪ್ಪ, ಮಗ ಇಬ್ಬರೂ ಈಗಿಲ್ಲ. ಟೀವಿಯಲ್ಲಿ ಆ ಮುದುಕನಂಥವರೊಬ್ಬರು ಯಾರದೋ ಕಾಲಿಗೆ ಬೀಳುವ ದೃಶ್ಯ ಬಂದರೆ, ನಾನು ಈ ವಯಸ್ಸಿನಲ್ಲೂ ಮಂಕನಂತೆ ಕಿವಿ ನಿಮಿರಿಸಿ ಕೂರುತ್ತೇನೆ. ಯಾರೂ ಏನೂ ಹೇಳಿಕೊಡುವುದಿಲ್ಲ.

ಊರಿನ ಹಳಬರು ಆ ನಾಟಕವನ್ನು ಇಂದಿಗೂ ಹೊಗಳುತ್ತಾರೆ. “ಎಲ್ಲಾ ಚೆಂದಾಗೇ ಆಯ್ತು ಬಿಡು. ಪ್ರಾಂಪ್ಟ್ ಮಾಡೋನು ಒಂದ್ ಮಾತು ತಪ್ಪು ಹೇಳ್ಕೊಟ್ಬಿಟ್ಟ, ಅಷ್ಟೇ.”