ಶಾಯಿ ತಾಗದ ಹಿಮ

ಯಾರಾದರೂ ತಮಗಾದ ವಿಚಿತ್ರ ಅನುಭವ ಹೇಳತೊಡಗಿದರೆ, ಹಿಂದಿನ ರಾತ್ರಿ ಏನು ತಿಂದಿದ್ದೆ ಎಂದು ಕೇಳಿ ನಗುತ್ತಿದ್ದವ ನಾನು. ಈಗ ನಗುವುದಿಲ್ಲ. ನಂಬುತ್ತೇನೆಂದೂ ಹೇಳಲಾರೆ. ಕೆಲವು ವರ್ಷಗಳ ಹಿಂದೆ ನಡೆದದ್ದನ್ನು ಇದ್ದ ಹಾಗೆ ಹೇಳುತ್ತೇನೆ, ನೀವೇ ನೋಡಿ.

ಮಸ್ಕತ್ತಿನ ವಾದಿ ಕಬೀರಿನ ಗ್ಯಾರೇಜುಗಳ ಸಾಲಿನಲ್ಲಿ ಚಿತ್ರಗಳಿಗೆ ಚೌಕಟ್ಟು ಹಾಕುವ ಅಂಗಡಿ ನಮ್ಮದು. ನಾನು ಮತ್ತು ಉಪ್ಪಿನಂಗಡಿಯ ಹಮೀದ್, ಇಬ್ಬರೇ. ಇರುವುದು ಒಂದೇ ಎಸಿ, ಅದರ ರಿಮೋಟು ಸದಾ ಹಮೀದನ ಕೈಯಲ್ಲಿ. ಆ ಜೂನಿನಲ್ಲಿ ಮದೀನತ್ ಸುಲ್ತಾನ್ ಖಾಬೂಸ್ ಬಡಾವಣೆಯ ಮೇಡಂ ಒಬ್ಬರು ಹಳೆಯ ಡಚ್ ಎಚ್ಚಿಂಗ್ ಒಂದನ್ನು ತಂದುಕೊಟ್ಟರು. ಹದಿನೇಳನೆಯ ಶತಮಾನದಲ್ಲಿ ಯಾರೋ ತಾಮ್ರದ ತಗಡನ್ನು ಆಸಿಡ್‌ನಲ್ಲಿ ಕೊರೆದು ಅಚ್ಚುಹಾಕಿದ ಚಿತ್ರ. ಹೆಪ್ಪುಗಟ್ಟಿದ ಕಾಲುವೆ, ಬೋಳು ಮರಗಳು, ಮಂಜುಗಡ್ಡೆಯ ಮೇಲೆ ಜಾರುವ ಪುಟ್ಟ ಪುಟ್ಟ ಜನ. ಹಿಮವನ್ನು ಮಾತ್ರ ಆತ ಬರೆದೇ ಇರಲಿಲ್ಲ. ಶಾಯಿ ತಾಗದ ಬರಿಯ ಕಾಗದವೇ ಹಿಮ. ಜನ್ಮದಲ್ಲಿ ಹಿಮ ಕಾಣದ ನನಗೂ ಅದು ಹಿಮವೆಂದು ತಿಳಿಯುತ್ತಿತ್ತು.

ಮಧ್ಯಾಹ್ನ ಒಂದಕ್ಕೆ ಅಂಗಡಿಯ ಬಾಗಿಲು ಎಳೆದೆವು. ಹಮೀದ್ ಊಟ ಮುಗಿಸಿ ಅಟ್ಟದಲ್ಲಿ ಮಲಗಿದ. ನಾನು ಕಿಟಕಿಯ ಬೆಳಕಿನಲ್ಲಿ ಕುಳಿತು, ಭೂತಗನ್ನಡಿ ಹಿಡಿದು, ಮೆತ್ತನೆಯ ಬ್ರಶ್ಶಿನಿಂದ ಚಿತ್ರದ ಧೂಳು ತೆಗೆಯುತ್ತಿದ್ದೆ. ಎಷ್ಟು ಹೊತ್ತಾಯಿತೋ, ಬೆರಳುಗಳು ಮರಗಟ್ಟತೊಡಗಿದವು. ಮೈ ಗಡಗಡ ನಡುಗಿತು. ನನ್ನ ಉಸಿರಿಗೆ ಭೂತಗನ್ನಡಿ ಮಂಜಾಯಿತು. ಎರಡು ಸಲ ಒರೆಸಿದೆ.

ಇವನು ಮತ್ತೆ ಎಸಿಯನ್ನು ಹದಿನಾರಕ್ಕೆ ಇಳಿಸಿದ್ದಾನೆ ಎಂದು ನನಗೆ ಪಿತ್ತ ನೆತ್ತಿಗೇರಿತು. "ಹಮೀದೇ, ಎಸಿ ಕಮ್ಮಿ ಮಾಡಾ ಮಾರಾಯ, ಚಳಿಗೆ ಸಾಯ್ತೇನೆ ನಾನಿಲ್ಲಿ!" ಎಂದು ಕೂಗಿದೆ. ಸರಿಯಾಗಿ ಬೈಯಬೇಕೆಂದೇ ಏಣಿ ಹತ್ತಿದೆ.

ಅಟ್ಟಕ್ಕೆ ತಲೆ ಹಾಕುತ್ತಲೇ ಬಿಸಿ ಮುಖಕ್ಕೆ ರಾಚಿತು. ಕರೆಂಟು ಯಾವಾಗಲೋ ಹೋಗಿತ್ತು. ತಗಡಿನ ಮಾಡಿನ ಕೆಳಗೆ ಹಮೀದ್ ಪ್ರಜ್ಞೆ ತಪ್ಪಿ ಬಿದ್ದಿದ್ದ. ಮುಟ್ಟಿದರೆ ಮೈ ಕಾದ ಕಾವಲಿ. ಪಕ್ಕದ ಗ್ಯಾರೇಜಿನವರನ್ನು ಕರೆದು, ಅವನ ಮೇಲೆ ನೀರು ಸುರಿದು, ಅವರದೇ ಗಾಡಿಯಲ್ಲಿ ಆಸ್ಪತ್ರೆಗೆ ಒಯ್ದೆವು. "ಇನ್ನರ್ಧ ಗಂಟೆ ಹೋಗಿದ್ದರೆ ಖಲಾಸ್" ಎಂದರು ಡಾಕ್ಟರು. ಸಂಜೆ ಅವನು ಕಣ್ಣುಬಿಟ್ಟಾಗ ಎಲ್ಲರೆದುರು ನಾಚಿಕೆಯಿಲ್ಲದೆ ಅತ್ತುಬಿಟ್ಟೆ. ಅಬ್ಬಾ, ಬದುಕಿದ! ಅಷ್ಟೇ ಸಾಕಿತ್ತು ನನಗೆ.

ಸೆಖೆ ವಿಪರೀತವಾದಾಗ ಮೈಗೆ ಚಳಿ ಹತ್ತುವುದೂ ಉಂಟು ಎಂದು ಅದೇ ಡಾಕ್ಟರು ಹೇಳಿದರು. ಇರಬಹುದು. ಹಾಗಾದರೆ ಗಾಜಿಗೆ ಮಂಜು ಹಿಡಿದದ್ದು? ಚೌಕಟ್ಟು ಹಾಕುವ ಮೊದಲು ತಣ್ಣಗಿದೆಯೇ ಎಂದು ಆ ಚಿತ್ರದ ಅಂಚಿಗೆ ಎಷ್ಟೋ ಸಲ ಬೆರಳಿಟ್ಟು ನೋಡಿದೆ. ಬರೀ ಕಾಗದ.

ಹಮೀದನ ಹೆಂಡತಿ ಊರಿನಿಂದ ಫೋನು ಮಾಡಿದಾಗಲೆಲ್ಲ ನನ್ನನ್ನೂ ಕರೆಸಿ, "ನೀವು ಅವತ್ತು ಅವ್ರನ್ನು ನೋಡ್ಲಿಕ್ಕೆ ಅಟ್ಟ ಹತ್ತದಿದ್ರೆ ಇವತ್ತು ನಮ್ಗೆ ಅವ್ರು ಇರ್ತಿರ್ಲಿಲ್ಲ" ಅನ್ನುತ್ತಾರೆ. ನಾನು ಹತ್ತಿದ್ದು ನೋಡಲಿಕ್ಕಲ್ಲ, ಬೈಯಲಿಕ್ಕೆ. ಮಸ್ಕತ್ತಿನ ಜೂನ್ ಮಧ್ಯಾಹ್ನ, ಕರೆಂಟಿಲ್ಲದ ಕೋಣೆಯಲ್ಲಿ, ನನಗೆ ಚಳಿಯಾಗಿತ್ತು ಎಂದು ಆ ತಾಯಿಗೆ ಹೇಗೆ ಹೇಳಲಿ?