ವಾಲಗದ ಬೂತಿನ ಉಮಾ

ಭಾನುವಾರ ಬೆಳಗಿನ ಜಾವ ಐದು ಗಂಟೆಗೆ ಬಿಟಿಎಂ ಲೇಔಟ್ ಎರಡನೇ ಹಂತದಲ್ಲಿ ಮದುವೆ ವಾಲಗ ಕೇಳಿಸಿದರೆ ಹೊಸಬರು ಕಿಟಕಿ ತೆರೆದು ಛತ್ರ ಎಲ್ಲಿದೆ ಎಂದು ಹುಡುಕುತ್ತಾರೆ. ಹಳಬರು ಮಗ್ಗುಲು ಬದಲಿಸಿ ಮಲಗುತ್ತಾರೆ. ಅವರಿಗೆ ಗೊತ್ತು, ಅಲ್ಲಿ ಮದುವೆಯೂ ಇಲ್ಲ, ಊಟವೂ ಇಲ್ಲ. ಉಮಾಮಹೇಶ್ವರಿ ತಮ್ಮ ಎಸ್‌ಟಿಡಿ ಬೂತಿನ ಷಟರ್ ಎತ್ತಿದ್ದಾರೆ, ಯಾರೋ ಒಳಗೆ ಹೋಗಿ ಫೋನಿನಲ್ಲಿ ಮಾತಾಡುತ್ತಿದ್ದಾರೆ, ಅಷ್ಟೇ.

ಆರು ಗಂಟೆಯೊಳಗೆ ಮಾತು ಮುಗಿಸಿದರೆ ಕಾಲು ದರ. ಆದ್ದರಿಂದ ಭಾನುವಾರದ ಈ ಹೊತ್ತಿನಲ್ಲಿ ಹಳದಿ ಬೋರ್ಡಿನ ಕೆಳಗೆ ಇಪ್ಪತ್ತು ಇಪ್ಪತ್ತೈದು ಜನ ಶಾಲು, ಸ್ವೆಟರು ಹೊದ್ದು ನಿಂತಿರುತ್ತಾರೆ. ಬಾಗಲಕೋಟೆ, ಗದಗ, ರಾಯಚೂರು ಕಡೆಯಿಂದ ಬಂದು ಇಲ್ಲಿ ಬಾಡಿಗೆ ಕೋಣೆ ಹಿಡಿದವರೇ ಹೆಚ್ಚು. ಒಬ್ಬರು ಗಾಜಿನ ಗೂಡಿನೊಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದಂತೆ ಉಮಾ ಎಡಗೈಯಲ್ಲಿ ಟೇಪ್‌ರೆಕಾರ್ಡರಿನ ತಿರುಪು ತಿರುಗಿಸುತ್ತಾರೆ. ನಾದಸ್ವರ ಏರುತ್ತದೆ. ಬಲಗೈಯಲ್ಲಿ ಪುಸ್ತಕ ಬಿಡಿಸುತ್ತಾರೆ. ಮೀಟರಿನ ಕೆಂಪು ಅಂಕಿ ಓಡುತ್ತಿರುತ್ತದೆ, ಅವರ ಕಣ್ಣು ಸಂವಹನ ಸಿದ್ಧಾಂತದ ಪಾಠದ ಮೇಲಿರುತ್ತದೆ.

ಉಮಾ ಅವರಿಗೆ ಈಗ ಮೂವತ್ತೊಂದು. ಜಯನಗರದ ಕಾಲೇಜೊಂದರಲ್ಲಿ ಬಿ.ಎ. ಕೊನೆಯ ವರ್ಷ. ಪತ್ರಿಕೋದ್ಯಮ, ಸಂವಹನ, ಇಂಗ್ಲಿಷ್ ತೆಗೆದುಕೊಂಡಿದ್ದಾರೆ. ಇದೇ ಏಪ್ರಿಲ್ ತೊಂಬತ್ತೊಂಬತ್ತಕ್ಕೆ ವಿಶ್ವವಿದ್ಯಾಲಯದ ಅಂತಿಮ ಪರೀಕ್ಷೆ. ಚಿಕ್ಕಂದಿನಲ್ಲಿ ಪೋಲಿಯೊ ಎಡಗಾಲನ್ನು ಹಿಡಿದಿತ್ತು. ಹಿಂದೆ ಎರಡು ಚಕ್ರ ಹೆಚ್ಚಿಗೆ ಕಟ್ಟಿಸಿಕೊಂಡ ಮೊಪೆಡ್ ಮೇಲೆ ಬೆಳಿಗ್ಗೆ ಎಂಟೂವರೆಗೆ ಹೊರಡುತ್ತಾರೆ, ಎರಡು ಗಂಟೆಗೆ ವಾಪಸ್. ಫೋನಿನ ದರ ಮೇಲಿರುವ ಹೊತ್ತು ಕಾಲೇಜು, ದರ ಇಳಿಯುವ ಹೊತ್ತು ಬೂತು. ಉಮಾ ಕಾಲೇಜಿನಲ್ಲಿರುವ ಹೊತ್ತಿಗೆ ತಾಯಿ ಶಿವಗಂಗಮ್ಮ ಕುರ್ಚಿಯಲ್ಲಿ ಕೂರುತ್ತಾರೆ. ಅವರಿಗೆ ಮೀಟರಿಗಿಂತ ಗಿರಾಕಿಗಳ ಮೇಲೆ ನಂಬಿಕೆ ಜಾಸ್ತಿ.

"ಮೊದಲನೇ ದಿನ ಕ್ಲಾಸಿಗೆ ಹೋದಾಗ ಹುಡುಗರೆಲ್ಲ ಎದ್ದು ನಿಂತ್ಕೊಂಡ್ರು ಸಾರ್. ಮೇಡಂ ಅಂದ್ಕೊಂಡಿದ್ರು. ನಾನು ಹೋಗಿ ಮೂರನೇ ಬೆಂಚಲ್ಲಿ ಕೂತ್ಕೊಂಡೆ. ಆಮೇಲೆ ಆರು ತಿಂಗಳು ಆಂಟಿ ಅಂದ್ರು, ಈಗ ಅಕ್ಕ ಅಂತಾರೆ. ಪ್ರಮೋಷನ್ನೋ ಡಿಮೋಷನ್ನೋ ಗೊತ್ತಿಲ್ಲ," ಎಂದು ಉಮಾ ನಗುತ್ತಾರೆ.

ಓದುವ ಹುಚ್ಚು ಹತ್ತಿದ್ದೂ ಬೂತಿನಿಂದಲೇ. ಕೆಲಸ ಹುಡುಕುತ್ತಾ ಬರುವ ಹುಡುಗರು ಕಂಪನಿಗೆ ಫೋನು ಹಚ್ಚಿ, ಆ ಕಡೆಯಿಂದ ಇಂಗ್ಲಿಷ್ ಕೇಳಿದ ಕೂಡಲೇ ಬಾಯಿ ಒಣಗಿ ರಿಸೀವರನ್ನು ಇವರ ಕೈಗೆ ಕೊಡುತ್ತಿದ್ದರು. ಪಿಯುಸಿಗೇ ನಿಂತಿದ್ದ ಉಮಾ ಅವರ ಬಾಯಿಯೂ ಅಷ್ಟೇ ಒಣಗುತ್ತಿತ್ತು. ಇಬ್ಬರೂ ಒಂದೇ ದೋಣಿಯಲ್ಲಿದ್ದರೆ ದಡ ಸೇರಿಸುವವರು ಯಾರು? ಇಪ್ಪತ್ತೆಂಟಕ್ಕೆ ಕಾಲೇಜಿಗೆ ಅರ್ಜಿ ಹಾಕಿದರು. ಈಗ ಅಂಥವರು ಬಂದರೆ ಮೊದಲು ಹೊರಗಡೆ ಸ್ಟೂಲಿನ ಮೇಲೆ ಕೂರಿಸಿ ತಾಲೀಮು ನಡೆಸುತ್ತಾರೆ. ಉಮಾ ಅವರೇ ಕಂಪನಿ, ಉಮಾ ಅವರೇ ಮ್ಯಾನೇಜರು. ಮುತ್ತುರಾಜ ಎನ್ನುವ ಹುಡುಗ ಹೀಗೆ ನಾಲ್ಕು ದಿನ ಇವರ ಹತ್ತಿರ 'ರಿಜೆಕ್ಟ್' ಆಗಿ, ಐದನೇ ದಿನ ನಿಜವಾದ ಕಂಪನಿಯಲ್ಲಿ ಆಯ್ಕೆಯಾದ. "ನಿಮಗಿಂತ ಅವರೇ ವಾಸಿ ಅಕ್ಕ," ಎಂದು ಸ್ವೀಟ್ ಬಾಕ್ಸ್ ಕೊಟ್ಟು ಹೋದ.

ಇನ್ನು ಆ ವಾಲಗದ ಕಥೆ. ಅದನ್ನು ಕೇಳಿದರೆ ಉಮಾ ಯಡಿಯೂರಿನ ಹಳೆಯ ಮನೆಗೆ ಹೋಗುತ್ತಾರೆ. ಅವರ ತಂದೆ ಸಿದ್ದಲಿಂಗಯ್ಯನವರಿಗೆ ಅಲ್ಲಿ ವಿಭೂತಿ, ಊದಿನಕಡ್ಡಿ ಮಾರುವ ಸಣ್ಣ ಅಂಗಡಿಯಿತ್ತು. ಮನೆಗೆ ಫೋನಿರಲಿಲ್ಲ. ಆಗೆಲ್ಲ ಇದ್ದಂತೆ, ಕೆಳಗಿನ ಮನೆ ಓನರ್ ನಂಬರನ್ನೇ ಎಲ್ಲರಿಗೂ ಕೊಟ್ಟಿದ್ದರು. ತೊಂಬತ್ತೆರಡರಲ್ಲಿ ಉಮಾ ಅವರಿಗೆ ತುಮಕೂರಿನ ಸಂಬಂಧವೊಂದು ಕೂಡಿಬಂತು. ಹುಡುಗ ಬಂದು ನೋಡಿ ಒಪ್ಪಿ ಹೋಗಿದ್ದ. ದಿನ ಗೊತ್ತು ಮಾಡಿ ಫೋನ್ ಮಾಡುತ್ತೇವೆ ಎಂದಿದ್ದರು. ಸಿದ್ದಲಿಂಗಯ್ಯನವರಿಗೆ ಎಷ್ಟು ಸಂಭ್ರಮ ಎಂದರೆ, ಛತ್ರ ನೋಡುವ ಮೊದಲೇ ಅವೆನ್ಯೂ ರೋಡಿಗೆ ಹೋಗಿ ಮಂಗಳವಾದ್ಯದ ಕ್ಯಾಸೆಟ್ ತಂದಿಟ್ಟಿದ್ದರು.

ಫೋನು ಬಂತು. ಓನರ್ ಮನೆಯ ಹಾಲಿನಲ್ಲಿ ಅವರ ಮನೆಯ ಏಳು ಜನರೂ ಇದ್ದರು. ಟಿವಿ ಆರಿಸಿ ಕಿವಿಗೊಟ್ಟು ಕೂತರು. ಹುಡುಗನ ಅಜ್ಜಿಗೆ ಕಾಲಿನ ವಿಷಯ ಮನಸ್ಸಿಗೆ ಬಂದಿಲ್ಲವಂತೆ. ಸಿದ್ದಲಿಂಗಯ್ಯನವರು ರಿಸೀವರ್ ಹಿಡಿದು "ಹೂಂ... ಸರಿ... ಪರವಾಗಿಲ್ಲ ಬಿಡಿ..." ಎನ್ನುತ್ತಾ ನಿಂತರು. ಸಂಜೆ ಹೊತ್ತಿಗೆ ಹೂವಿನವಳಿಗೂ ಸುದ್ದಿ ಮುಟ್ಟಿತ್ತು.

"ಸಂಬಂಧ ಮುರಿದಿದ್ದಕ್ಕೆ ಅಪ್ಪ ಅಷ್ಟೊಂದು ನೊಂದ್ಕೊಳ್ಳಲಿಲ್ಲ ಸಾರ್. ಅಷ್ಟು ಜನರ ಮುಂದೆ ಹೂಂ ಹೂಂ ಅಂತ ನಿಂತ್ಕೋಬೇಕಾಯ್ತಲ್ಲ, ಅದು ಅವರನ್ನ ತಿಂದುಬಿಡ್ತು," ಎನ್ನುತ್ತಾರೆ ಉಮಾ. ಅಂಗವಿಕಲರ ಕೋಟಾದಲ್ಲಿ ಬೂತಿಗೆ ಅರ್ಜಿ ಹಾಕಿಸಿದ್ದು ಸಿದ್ದಲಿಂಗಯ್ಯನವರೇ. ಬೂತು ಕೈಗೆ ಬಂದ ಮರುವರ್ಷ ತೀರಿಕೊಂಡರು. ಗಾಜಿನ ಗೂಡಿನ ಬಾಗಿಲು ಎಷ್ಟು ಒತ್ತಿದರೂ ಸರಿಯಾಗಿ ಕೂರುವುದಿಲ್ಲ ಎಂದು ಗೊತ್ತಾದಾಗ ಉಮಾ ಅವರಿಗೆ ಆ ಕ್ಯಾಸೆಟ್ ನೆನಪಾಯಿತು. "ತಾಳಿ ಕಟ್ಟೋ ಹೊತ್ತಲ್ಲಿ ಗಟ್ಟಿಮೇಳ ಬಾರಿಸೋದು ಯಾಕೆ ಹೇಳಿ? ಬೇಡದ ಮಾತು ಯಾರ ಕಿವಿಗೂ ಬೀಳಬಾರ್ದು ಅಂತ. ಇಲ್ಲೂ ಅದೇ ಕೆಲಸ. ದುಡ್ಡು ಕೊಟ್ಟು ತಂದಿದ್ದು, ಸುಮ್ನೆ ಹಾಳಾಗೋದ್ಯಾಕೆ?" ಅಂದಿನಿಂದ ಇದು ವಾಲಗದ ಬೂತು. ಕ್ಯಾಸೆಟ್ ಮಾತ್ರ ಮೂರು ಸಲ ಬದಲಾಗಿದೆ.

ಈ ವಾಲಗವೇ ಮೊನ್ನೆ ಜನವರಿಯಲ್ಲಿ ಅವರ ಡಿಗ್ರಿಗೆ ಅಡ್ಡ ಬಂದು ಕೂತಿತ್ತು.

ಸಂವಹನದ ಪಾಠ ಹೇಳುವ ಜಯಸಿಂಹ ಮೇಷ್ಟ್ರು ಕೊನೆಯ ವರ್ಷದವರಿಗೆ ಒಂದು ಅಸೈನ್‌ಮೆಂಟ್ ಕೊಟ್ಟರು. ನಿಮ್ಮ ಕಿವಿಗೆ ಬಿದ್ದ ನಿಜವಾದ ದೂರವಾಣಿ ಮಾತುಕತೆಯೊಂದನ್ನು ಇದ್ದದ್ದು ಇದ್ದ ಹಾಗೆ ಬರೆದು, ಅದನ್ನು ಇಂಗ್ಲಿಷಿನಲ್ಲಿ ವಿಶ್ಲೇಷಿಸಿ ತನ್ನಿ. ಕೊಡದಿದ್ದವರಿಗೆ ಆಂತರಿಕ ಅಂಕ ಇಲ್ಲ, ಅಂಕ ಇಲ್ಲದಿದ್ದರೆ ಹಾಲ್ ಟಿಕೆಟ್ ಇಲ್ಲ. ಇಡೀ ಕ್ಲಾಸು ಹಿಂದಿರುಗಿ ಉಮಾ ಅವರನ್ನು ನೋಡಿತು. "ನಿಮಗೇನಕ್ಕ, ಹಲಸಿನ ತೋಪಲ್ಲೇ ಕೂತಿದೀರ. ಕೈ ಚಾಚಿದ್ರೆ ಹಣ್ಣು," ಎಂದಳು ಪಕ್ಕದಲ್ಲಿ ಕೂರುವ ಸ್ಪಂದನಾ.

ತೋಪೇನೋ ಇತ್ತು. ಆದರೆ ಕಾವಲಿಗೆ ಕೂತವರು ಹಣ್ಣು ಕೀಳುವುದು ಹೇಗೆ? ಒಂದು ವಾರ ಉಮಾ ಪೇಚಾಡಿದರು. ಟೇಪು ನಿಲ್ಲಿಸಿದರೆ ಐದು ನಿಮಿಷದ ಕೆಲಸ. ಕೈ ತಿರುಪಿನ ತನಕ ಹೋಗುತ್ತಿತ್ತು, ಗೂಡಿನೊಳಗೆ ಬೆನ್ನು ತಿರುಗಿಸಿ ನಿಂತವರನ್ನು ಕಂಡು ಅಪ್ಪನ ಹೂಂ ಹೂಂ ನೆನಪಾಗುತ್ತಿತ್ತು. ಮನಸ್ಸಿನಿಂದ ಒಂದು ಹೊಸೆದುಬಿಡಿ ಎಂದು ಸ್ಪಂದನಾ ದಾರಿ ತೋರಿಸಿದಳು. ಅವಳದೂ ಹೊಸೆದದ್ದೇ. "ಇಲ್ಲದ್ದನ್ನ ಬರೆಯೋಕೆ ಪತ್ರಿಕೋದ್ಯಮ ಯಾಕೆ ಓದ್ಬೇಕು ಮರಿ?" ಎಂದು ಉಮಾ ಅದಕ್ಕೂ ಒಪ್ಪಲಿಲ್ಲ. ಅತ್ತ ದರಿ, ಇತ್ತ ಪುಲಿ. ಮೂರು ವರ್ಷ ಅಮ್ಮ ಮಂಡಿನೋವು ನುಂಗಿಕೊಂಡು ಬೂತಿನಲ್ಲಿ ಕೂತದ್ದು ನೀರಿನಲ್ಲಿ ಹೋಮವಾಗುವ ಹಾಗಿತ್ತು.

ಕೊನೆಗೆ ಕೈ ಹಿಡಿದವರು ತಂಗೆವ್ವ. ಬೂತಿನ ಎದುರಿನ ಅಪಾರ್ಟ್‌ಮೆಂಟಿನಲ್ಲಿ ಗಂಡ ಹೊಳೆಪ್ಪ ಕಾವಲುಗಾರ, ಇವರು ನಾಲ್ಕು ಮನೆಯ ಕೆಲಸ ಮಾಡುತ್ತಾರೆ. ಪ್ರತಿ ಭಾನುವಾರ ಐದೂವರೆಗೆ ಬಾದಾಮಿ ಹತ್ತಿರದ ಊರಿನಲ್ಲಿರುವ ತಾಯಿ ಮುರಿಗೆವ್ವನಿಗೆ ಫೋನು. ಅಲ್ಲಿ ಕೊಟ್ರಪ್ಪನ ಕಿರಾಣಿ ಅಂಗಡಿಯ ಫೋನಿನ ಮುಂದೆ ಮುದುಕಿ ಆ ಹೊತ್ತಿಗೆ ಬಂದು ಕೂತಿರುತ್ತಾರೆ. ಉಮಾ ಅವರ ಬಾಡಿದ ಮುಖ ನೋಡಿ ಕಾರಣ ಕೇಳಿದ ತಂಗೆವ್ವ ಅಲ್ಲೇ ತೀರ್ಮಾನ ಕೊಟ್ಟರು. "ಇಷ್ಟಕ್ಕ ಯಾಕ ಚಿಂತಿ ಮಾಡ್ತೀರಿ ಅಕ್ಕಾರ? ನಂದ ಬರ್ಕೋರಿ. ನಮ್ಮ ಮಾತಿನ್ಯಾಗ ಮುಚ್ಚಿಡೂದು ಏನೈತಿ? ಮಳಿ ಬಂತಾ, ಎಮ್ಮಿ ಈತಾ, ಇಷ್ಟ."

ಆ ಭಾನುವಾರ ಬಿಟಿಎಂನಲ್ಲಿ ವಾಲಗ ಕೇಳಿಸಲಿಲ್ಲ. ಗೂಡಿನ ಬಾಗಿಲು ತೆರೆದೇ ಇತ್ತು. ಉಮಾ ಹಾಳೆ, ಪೆನ್ನು ಹಿಡಿದು ಕೂತರು. ಸಾಲಿನಲ್ಲಿದ್ದವರೆಲ್ಲ ಕತ್ತು ಚಾಚಿ ನಿಂತರು. ತಂಗೆವ್ವ ಸೆರಗು ಸರಿಮಾಡಿಕೊಂಡು, ಗಂಟಲು ಸರಿಮಾಡಿಕೊಂಡು, ಟಿವಿಯಲ್ಲಿ ವಾರ್ತೆ ಓದುವವರ ಹಾಗೆ ಶುರುಮಾಡಿದರು.

"ನಮಸ್ಕಾರ. ನಾನು ತಂಗೆವ್ವ ಮಾತನಾಡುತ್ತಿದ್ದೇನೆ. ನಾವೆಲ್ಲರೂ ಇಲ್ಲಿ ಕ್ಷೇಮವಾಗಿದ್ದೇವೆ. ತಾವು ಹೇಗಿದ್ದೀರಿ?"

ಕೆಲಸಕ್ಕೆ ಹೋಗುವ ಮನೆಗಳಲ್ಲಿ ಕಲಿತ ಮಾತೆಲ್ಲ ಒಟ್ಟಿಗೆ ಹೊರಗೆ ಬಂದಿತ್ತು. ಆ ಕಡೆಯ ಉತ್ತರ ಕೇಳಿ ತಂಗೆವ್ವನ ಮುಖ ಇಳಿಯಿತು. "ಅಕ್ಕಾರ, ನಮ್ಮವ್ವ ಅಳಾಕತ್ಯಾಳ್ರಿ. ನನ್ನ ಮಗಳೆಲ್ಲಿ, ನೀವ್ಯಾರು, ಹೊಳೆಪ್ಪಗ ಏನಾತು ಅಂತ ಕೇಳಾಕತ್ಯಾಳ. ನಾನ ಅಂದ್ರ ನಂಬವಲ್ಲಳು." ಗಾಬರಿಯಲ್ಲಿ ಅವರಿಗೆ ತಮ್ಮ ಮಾತು ವಾಪಸ್ ಸಿಗಲಿಲ್ಲ. ಸಮಾಧಾನ ಮಾಡಲು ಹೋಗಿ "ದಯವಿಟ್ಟು ಅಳಬೇಡಿ" ಎಂದುಬಿಟ್ಟರು. ಮುದುಕಿ ಇನ್ನೂ ಜೋರಾಗಿ ಅತ್ತರು.

ಐದು ವರ್ಷದಲ್ಲಿ ಮೊದಲ ಸಲ ಉಮಾ ಗೂಡಿನೊಳಗೆ ಹೋಗಿ ಬೇರೆಯವರ ಮಾತಿನ ನಡುವೆ ರಿಸೀವರ್ ಕಿತ್ತುಕೊಂಡರು. "ಅಜ್ಜಿ, ಏನೂ ಆಗಿಲ್ಲ. ಎಲ್ಲರೂ ಚೆನ್ನಾಗಿದಾರೆ. ನಾನು ಬೂತಿನವಳು. ನನ್ನ ಪರೀಕ್ಷೆಗೆ ಅಂತ ನಿಮ್ಮ ಮಾತು ಬರ್ಕೊಳ್ತಿದ್ದೆ, ಅದಕ್ಕೆ ಅವಳು ಹಂಗೆ ಮಾತಾಡಿದ್ಲು."

"ಮಾತಾಡೂದಕ್ಕೂ ಪರೀಕ್ಷಿ ಇರ್ತೈತೇನ ಯವ್ವಾ?" ಎಂದರು ಮುರಿಗೆವ್ವ. ಆಮೇಲೆ ನಕ್ಕರು. ಮುದುಕಿಯ ನಗು ಎಷ್ಟು ದೊಡ್ಡದೆಂದರೆ ಸಾಲಿನ ಕೊನೆಯಲ್ಲಿದ್ದವರಿಗೂ ಕೇಳಿಸಿತು. ಬರೆದುಕೊಳ್ಳಲಾ ಎಂದು ಉಮಾ ಕೇಳಿದ್ದಕ್ಕೆ ಧಾರಾಳವಾಗಿ ಒಪ್ಪಿದರು. ಮದುವೆ ಆಗೈತೇನು, ಮಕ್ಕಳೆಷ್ಟು ಎಂದು ವಿಚಾರಿಸಿದರು. ಉಮಾ ಇದ್ದದ್ದನ್ನು ಹೇಳಿದರು. ಆಗ ಆ ಕಡೆಯಿಂದ ಮುರಿಗೆವ್ವ ಒಂದು ಮಾತು ಆಡಿದರು. ಆಡಿ, "ಇದೊಂದ ಬರಿಬ್ಯಾಡ, ಇದು ನಿನಗ ಹೇಳಿದ್ದು," ಎಂದರು. ಉಮಾ ಗೂಡಿನಿಂದ ಹೊರಗೆ ಬಂದಾಗ ಅವರ ಕಣ್ಣು ಒದ್ದೆಯಾಗಿತ್ತು, ಮುಖ ನಗುತ್ತಿತ್ತು ಎಂದು ತಂಗೆವ್ವ ಹೇಳುತ್ತಾರೆ. ಇಷ್ಟನ್ನೂ ಇಲ್ಲಿ ಬರೆಯುವುದಕ್ಕೆ ತಂಗೆವ್ವನ ಒಪ್ಪಿಗೆಯಿದೆ, ಊರಿಗೆ ಫೋನು ಮಾಡಿ ತಾಯಿಯನ್ನೂ ಕೇಳಿದ್ದಾರೆ.

ಅಸೈನ್‌ಮೆಂಟ್ ಸಿದ್ಧವಾಯಿತು. ಕೇಳುವವರೊಬ್ಬರಿದ್ದಾರೆ ಎಂದು ಗೊತ್ತಾದ ಕೂಡಲೇ ತಾಯಿಗೇ ಗುರುತು ಸಿಗದ ಹಾಗೆ ಮಗಳ ಮಾತು ಬದಲಾಗುತ್ತದೆ ಎನ್ನುವುದನ್ನು ಉಮಾ ಇಂಗ್ಲಿಷಿನಲ್ಲಿ ಆರು ಪುಟ ಬರೆದರು. ಮುರಿಗೆವ್ವನ ಆ ಮಾತಿದ್ದ ಜಾಗದಲ್ಲಿ ಒಂದು ಗೆರೆ ಎಳೆದು ಖಾಲಿ ಬಿಟ್ಟರು. ಜಯಸಿಂಹ ಮೇಷ್ಟ್ರು ಓದಿ ಸಂತೋಷಪಟ್ಟರು, ಖಾಲಿ ಗೆರೆಯ ಪಕ್ಕ ಕೆಂಪು ಶಾಯಿಯಲ್ಲಿ ಪ್ರಶ್ನೆ ಚಿಹ್ನೆ ಹಾಕಿದರು.

"ಇಲ್ಲಿ ಏನಿತ್ತಮ್ಮ?"

"ಹೇಳೋ ಹಾಗಿಲ್ಲ ಸಾರ್."

"ಇದ್ದದ್ದು ಇದ್ದ ಹಾಗೆ ಅಂತ ನಾನು ಹೇಳಿದ್ದೆ. ಸಾಲು ಕಮ್ಮಿ ಇದೆ, ಮಾರ್ಕೂ ಕಮ್ಮಿ ಆಗುತ್ತೆ."

"ಆಗ್ಲಿ ಸಾರ್."

ಮೇಷ್ಟ್ರು ಹೇಳಿದಂತೆಯೇ ಅಂಕ ಕಳೆದರು. ಹೊಸೆದು ಬರೆದ ಸ್ಪಂದನಾಗೆ ಇವರಿಗಿಂತ ಮೂರು ಹೆಚ್ಚು ಬಂತು. ಅದಕ್ಕೆ ಇವರಿಗೆ ಬೇಸರವಿಲ್ಲ. "ಅವರು ಹೇಳಿದ್ದು ನ್ಯಾಯವೇ. ಪಾಸಾಗೋಕೆ ಎಷ್ಟು ಬೇಕೋ ಅಷ್ಟು ಸಿಕ್ತು. ಹಾಲ್ ಟಿಕೆಟ್ ಬಂತು. ಇನ್ನೇನು ಬೇಕು?" ಎನ್ನುತ್ತಾ ದೇವರ ಪಟದ ಹಿಂದೆ ಸಿಕ್ಕಿಸಿದ ಹಾಲ್ ಟಿಕೆಟ್ಟನ್ನು ತೆಗೆದು ತೋರಿಸುತ್ತಾರೆ. ಅದರ ಮೇಲೆ ಶಿವಗಂಗಮ್ಮ ಆಗಲೇ ಕುಂಕುಮ ಹಚ್ಚಿದ್ದಾರೆ.

ಆರು ಹೊಡೆಯುತ್ತದೆ. ಕಾಲು ದರ ಮುಗಿದು ಸಾಲು ಕರಗುತ್ತದೆ. ಉಮಾ ಫ್ಲಾಸ್ಕಿನಿಂದ ಕಾಫಿ ಬಗ್ಗಿಸುತ್ತಾರೆ. ಡಿಗ್ರಿ ಬಂದ ಮೇಲೆ ಪತ್ರಿಕೆಗೆ ಹೋಗುತ್ತಾರಾ, ರೇಡಿಯೊಗಾ ಎಂದು ಕೇಳಿದರೆ, ಎರಡಕ್ಕೂ ಅರ್ಜಿ ಹಾಕುತ್ತೇನೆ, ಬೂತನ್ನೂ ಬಿಡುವುದಿಲ್ಲ ಎನ್ನುತ್ತಾರೆ. ಆಸೆ ಬೇರೆಯೇ ಒಂದಿದೆ. ಇಷ್ಟು ವರ್ಷದಲ್ಲಿ ಆ ಗೂಡಿನ ಬಾಗಿಲು ಹಾಕಿಕೊಂಡು ತಮಗಾಗಿ ಒಂದು ಫೋನು ಮಾಡಿದವರಲ್ಲ ಉಮಾ. ಮಾಡುವುದಕ್ಕೆ ಯಾರೂ ಇರಲಿಲ್ಲ, ಇದ್ದ ಅಮ್ಮ ಪಕ್ಕದಲ್ಲೇ.

"ಜೂನಲ್ಲಿ ರಿಸಲ್ಟ್ ಬರುತ್ತೆ ಸಾರ್. ಬಂದ ದಿನ ಕೊಟ್ರಪ್ಪನ ಅಂಗಡಿಗೆ ಫೋನ್ ಹಚ್ಚಿ, ಮುರಿಗೆವ್ವಜ್ಜಿನ ಕರೀರಿ ಅಂತೀನಿ."

ಅಜ್ಜಿಯ ಹತ್ತಿರ ಏನು ಮಾತಾಡುತ್ತೀರಿ ಎಂದರೆ ಉಮಾ ಕಾಫಿ ಲೋಟದ ಮೇಲಿಂದ ನಗುತ್ತಾರೆ.

"ಅಮ್ಮನಿಗೆ ಈಗಲೇ ಹೇಳಿಟ್ಟಿದೀನಿ. ನಾನು ಒಳಗೆ ಹೋದ ತಕ್ಷಣ ವಾಲಗ ಜೋರು ಮಾಡು ಅಂತ."