ಷಡ್ಡಕನ ಕ್ಯಾರವಾನೂ ನನ್ನ ಜೀಪೂ

ಗೆಳೆಯರೇ, ಇವತ್ತು ನಮ್ಮ ವಸತಿ ಕಮಲಾಪುರದ ಹತ್ತಿರದ ಹೊಳೆ ದಂಡೆಯ ಕ್ಯಾಂಪಿನಲ್ಲಿ. ಷಡ್ಡಕ, ಅಂದರೆ ಹೆಂಡತಿಯ ತಂಗಿಯ ಗಂಡ, ಕಲಬುರಗಿಯಿಂದ ಹೊಸ ಕ್ಯಾರವಾನ್ ತಂದಿದ್ದಾನೆ. ಒಳಗೇ ಎಸಿ, ಹಾಸಿಗೆ, ಒಲೆ, ಪಾಯಖಾನೆ! ನನ್ನದು ಹಳೆಯ ಜೀಪು. ನೋಡಿ ಬರುತ್ತೇನೆಂದು ಕ್ಯಾರವಾನ್ ಹತ್ತಿದ ನನ್ನ ಹೆಂಡತಿ ಇಳಿಯಲೇ ಇಲ್ಲ. ಹೊಟ್ಟೆ ಉರಿದುಹೋಯಿತು.

ಅಷ್ಟರಲ್ಲಿ ನಮ್ಮ ಜೊತೆ ಬಂದಿದ್ದ ಅತ್ತೆ ಅದರೊಳಗೆ ಇಣುಕಿ ಮೂಗು ಮುರಿದರು. "ಒಲಿ ಬಾಜೂಕೇ ಪಾಯಖಾನಿ ಅದಲ್ಲ! ನಾ ಇದ್ರಾಗ ಒಂದು ತುತ್ತೂ ಉಣ್ಣಂಗಿಲ್ಲ, ಮಕ್ಕೊಳ್ಳಂಗೂ ಇಲ್ಲ. ದೊಡ್ಡ ಅಳಿಯಾರ ಜೀಪಿನಾಗೇ ಇರ್ತೀನಿ."

ಷಡ್ಡಕನ ಮುಖ ನೋಡುತ್ತಲೇ ನಾನು ಜೀಪಿನ ಬಾಗಿಲು ತೆರೆದೆ. ಅತ್ತೆ ಒಳಗೆ ಕೂತು, ರೊಟ್ಟಿ ಗಂಟು ಬಿಚ್ಚಿ, ಸುತ್ತಲೂ ಕಣ್ಣಾಡಿಸಿ ಹೇಳಿದರು: "ನಿಮ್ಮ ಗಾಡೀನೇ ಚಲೋ ಅದರೀ. ಇದ್ರಾಗ ಏನೂ ಇಲ್ಲ!"

ಹೊಗಳಿಕೆಯನ್ನು ರೊಟ್ಟಿಯ ಜೊತೆ ನುಂಗಿದೆ. ಹೆಂಡತಿ ಇನ್ನೂ ಎಸಿಯಲ್ಲೇ ಇದ್ದಾಳೆ.